ತಲೆ ಎತ್ತಿದ ಕೇರೆ

"ಇದು ಹಾವಲ್ರಿ, ಬೆಲ್ಟು."

ದ್ರಾಕ್ಷಾಯಣಿ ಗಂಗರಾಜುವಿನ ಮುಖ ನೋಡಿ ಆಡಿದ ಮೊದಲ ಮಾತು ಇದು. ಪಾಪ, ಅವನು ಬಂದದ್ದು ಬಟನ್ ಕೊಡಲಿಕ್ಕೆ. ಆಂಧ್ರದ ಗಡಿಯ ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ, ಪ್ಯಾಂಟಿನ ಅಳತೆಯ ನಕ್ಷೆ ತಯಾರಾಗುವ ಪ್ಯಾಟ್ರನ್ ರೂಮಿನಲ್ಲಿ ಕೂತು ಅವಳು ಕಂಪ್ಯೂಟರಿನಲ್ಲಿ ರೂಪಿಸಿದ ನವಿಲಿನ ಬಟನ್ನನ್ನು ಮಡಕಶಿರದ ತನ್ನ ಅಂಗಡಿಯ ತ್ರೀಡಿ ಪ್ರಿಂಟರಿನಲ್ಲಿ ತೆಗೆದು, ಪಾವಗಡ, ಕಲ್ಯಾಣದುರ್ಗ ಎಂದು ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು, ಸ್ಯಾಂಪಲ್ಲನ್ನು ಕೈಯಾರೆ ಒಪ್ಪಿಸಲು ಬಂದಿದ್ದ. ಅಲ್ಲಿಯವರೆಗೆ ಇಬ್ಬರದೂ ಬರೀ ಫೋನಿನ ಪರಿಚಯ. ಬ್ಯಾಗಿನ ಜಿಪ್ಪು ಎಳೆದ ಕೂಡಲೇ ಬಟನ್ನಿಗಿಂತ ಮೊದಲು ಬೆಳ್ಳಗಿನ ಎಲುಬಿನ ಸರವೊಂದು ಸರ್ರನೆ ಜಾರಿ ಮೇಜಿನ ಮೇಲೆ ಬಿತ್ತು.

ಬಾಗಿಲಲ್ಲಿ ನಿಂತಿದ್ದ ಹೆಂಗಸರು "ಅಯ್ಯಯ್ಯಪ್ಪೋ" ಎಂದು ಓಡಿದರು. ದ್ರಾಕ್ಷಾಯಣಿ ಓಡಲಿಲ್ಲ. ಅದನ್ನು ಎತ್ತಿಕೊಂಡಳು, ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದಳು, ಒಂದೊಂದೇ ಎಲುಬನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು, ಆಮೇಲೆ ತೀರ್ಪು ಕೊಟ್ಟೇಬಿಟ್ಟಳು.

"ಬೆಲ್ಟಾ?" ಗಂಗರಾಜುವಿನ ಕಿವಿ ಕೆಂಪಾಯಿತು. "ಏನ್ ಮೇಡಂ ಇಂಗಂತೀರ? ಊಟ ನಿದ್ದೆ ಬಿಟ್ಟು ಮಾಡಿದೀನಿ ಕಣ್ರೀ. ಕೇರೆ ಹಾವಿನ ಅಸ್ಥಿಪಂಜರ ಅದು."

"ಇಲ್ಲಿ ನೋಡ್ರಿ. ಕುತ್ತಿಗಿ ಮಣಿ, ಹೊಟ್ಟಿ ಮಣಿ, ಬಾಲದ ಮಣಿ, ಎಲ್ಲಾ ಒಂದ ಸೈಜ್ ಅದಾವ. ಒಂದು ಮಾಡಿ ಉಳಿದದ್ದೆಲ್ಲಾ ಕಾಪಿ ಹೊಡದೀರಿ. ಹೌದಿಲ್ರಿ?"

ಹೌದಾಗಿತ್ತು. ಆದರೆ ಹೌದು ಅನ್ನಲು ಅವನಿಗೆ ಮನಸ್ಸಾಗಲಿಲ್ಲ.

"ನೀವು ಹಾವು ನೋಡಿದೀರಾ?"

"ಹತ್ರದಿಂದ ನೋಡಿಲ್ರಿ. ಮನಶ್ಯಾರನ್ನ ನೋಡೀನಿ. ಇಪ್ಪತ್ತೆಂಟರ ಸೊಂಟದವನಿಗೂ ನಲವತ್ತರ ಸೊಂಟದವನಿಗೂ ಒಂದ ಅಳತಿ ಪ್ಯಾಂಟ್ ಹೊಲದ್ರ ಯಾರರ ಹಾಕ್ಕೊಂತಾರೇನು?"

ಅವಳು ಹಾಗೆ ಹೇಳಿ ನಕ್ಕಾಗ ಎಡಗೆನ್ನೆಯಲ್ಲಿ ಸಣ್ಣದೊಂದು ಗುಳಿ ಬಿತ್ತು. ಸಿಟ್ಟು ಮಾಡಿಕೊಳ್ಳಬೇಕೆಂದಿದ್ದ ಗಂಗರಾಜು ಆ ಗುಳಿ ನೋಡುತ್ತಾ ಏನು ಹೇಳಬೇಕೆಂಬುದನ್ನೇ ಮರೆತ. ಅವನು ಮರೆತದ್ದನ್ನು ಅವಳು ಗಮನಿಸಿದಳು. ಗಮನಿಸಿದರೂ ಗಮನಿಸದವಳ ಹಾಗೆ ಎಲುಬಿನ ಸರವನ್ನು ಸುತ್ತಿ ಅವನ ಕೈಗಿಟ್ಟಳು.

ವಿಷಯ ಇಷ್ಟೆ. ರಾಯದುರ್ಗದ ಹತ್ತಿರದ ಕಣೇಕಲ್ಲಿನ ಹೈಸ್ಕೂಲಿನಲ್ಲಿ ಸೂರಪ್ಪ ಎಂಬ ವಿಜ್ಞಾನದ ಮೇಷ್ಟ್ರಿದ್ದರು. ಅಲ್ಲಿ ಕೆರೆ, ಕಾಲುವೆ, ಭತ್ತದ ಗದ್ದೆ. ಗದ್ದೆ ಇದ್ದಮೇಲೆ ಇಲಿ, ಇಲಿ ಇದ್ದಮೇಲೆ ಕೇರೆ ಹಾವು. ಕಚ್ಚಿದರೂ ವಿಷವಿಲ್ಲದ ಆ ಹಾವನ್ನು ನಾಗರವೆಂದು ಹೊಡೆದು ಹಾಕುವುದು ಅಲ್ಲಿನ ಹುಡುಗರಿಗೆ ಆಟವಾಗಿತ್ತು. ಹೊಡೆಯುವ ಮೊದಲು ಅದರೊಳಗೆ ಏನಿದೆ ಅಂತ ಒಮ್ಮೆ ನೋಡಲಿ ಎಂಬುದು ಮೇಷ್ಟ್ರ ಆಸೆ. ಅದಕ್ಕೇ ಬೇರೆ ಬೇರೆ ಕಡೆಯಿಂದ ಎಕ್ಸ್‌ರೇ ಚಿತ್ರಗಳನ್ನು ಕೂಡಿಸಿ, ನಿಜವಾದ ಅಳತೆಯ ಕೇರೆ ಹಾವಿನ ಅಸ್ಥಿಪಂಜರ ಮಾಡಿಕೊಡು ಎಂದು ಗಂಗರಾಜುವನ್ನು ಹಿಡಿದಿದ್ದರು. ಶಾಲೆಯ ವಿಜ್ಞಾನ ದಿನಕ್ಕೆ ಅದು ಬೇಕಿತ್ತು.

"ಅಂಗಾದ್ರೆ ನೀವೇ ಮಾಡಿ ತೋರ್ಸಿ ನೋಡಾಣ," ಎಂದ ಗಂಗರಾಜು. ಸೋಲೊಪ್ಪುವ ದನಿಯಲ್ಲ, ಸವಾಲಿನದು.

"ಮಾಡ್ತೀನಿ. ಒಂದ ಮಾತು. ಅದರ ಮ್ಯಾಲ ನನ್ನ ಹೆಸರು ಬೀಳಬೇಕು."

"ಅಷ್ಟೇನಾ?"

"ನಿಮಗ ಅಷ್ಟೇ ಇರಬೋದು," ಎಂದಳು ದ್ರಾಕ್ಷಾಯಣಿ. ನಗು ಹೋಗಿತ್ತು.

ಅವಳ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಯೂನಿಟ್ಟಿನ ಪ್ಯಾಟ್ರನ್ ರೂಮಿಗೆ ಬಂದ ಮೊದಲ ಹೆಣ್ಣು ಅವಳು. ಅವಳಿಗಿಂತ ಮೊದಲಿದ್ದ ಮಾಸ್ಟರುಗಳೆಲ್ಲ ಗಂಡಸರು, ಬಳ್ಳಾರಿಯಿಂದ ಬಂದವರು. ದಾರ ಕತ್ತರಿಸುವ ಕೆಲಸಕ್ಕೆ ಸೇರಿ, ಊಟದ ಬಿಡುವಿನಲ್ಲಿ ಅವರ ಬೆನ್ನ ಹಿಂದೆ ನಿಂತು ನೋಡಿ ನೋಡಿ ಕಲಿತು ಆ ಕುರ್ಚಿಯಲ್ಲಿ ಕೂತವಳು. ಅವಳ ಪ್ಯಾಟ್ರನ್ನಿನಿಂದ ಕತ್ತರಿಸಿದ ಪ್ಯಾಂಟುಗಳು ಬೆಂಗಳೂರು, ಹೈದರಾಬಾದು, ಇನ್ನೂ ಎಲ್ಲೆಲ್ಲೋ ಓಡಾಡುತ್ತಿದ್ದವು. ಸೊಂಟದ ಹಿಂದೆ ಹೊಲಿಯುವ ಲೆದರಿನ ಪ್ಯಾಚಿನ ಮೇಲೆ ಮಾತ್ರ ಯಾವಾಗಲೂ ಕೊಂಡ ಕಂಪನಿಯವರ ಹೆಸರು. ರಸ್ತೆಯಲ್ಲಿ ಯಾರದ್ದೋ ಪ್ಯಾಂಟು ಒಪ್ಪವಾಗಿ ಕೂತದ್ದು ಕಂಡರೆ ಅವಳ ಎದೆ ಉಬ್ಬುತ್ತಿತ್ತು. ಇದು ನನ್ನದು ಎಂದು ಹೇಳಲು ಯಾವ ಪುರಾವೆಯೂ ಇರಲಿಲ್ಲ. ಜೀವಮಾನದಲ್ಲಿ ಒಂದೇ ಒಂದು ವಸ್ತುವಿನ ಮೇಲಾದರೂ ತನ್ನ ಹೆಸರು ನೋಡಬೇಕೆಂಬುದು ಅವಳ ಹಟ.

ಗಂಗರಾಜು ಅವಳನ್ನು ಒಂದು ಗಳಿಗೆ ನೋಡಿದ.

"ಆಯ್ತು, ಹೆಸರು ಹಾಕ್ತೀನಿ. ಆದ್ರೆ ತಲೆ ನಂದು. ತಲೆ ಬುಟ್ಟುಕೊಡಲ್ಲ."

"ತಲಿ ನೀವ ಇಟ್ಕೋರಿ," ಎಂದಳು ದ್ರಾಕ್ಷಾಯಣಿ. "ಬೆನ್ನು ನಂದು."

*

ಹಾವಿನ ಬೆನ್ನು ಅವಳು ಅಂದುಕೊಂಡಷ್ಟು ಸುಲಭದ್ದಾಗಿರಲಿಲ್ಲ. ಬೆನ್ನುಮೂಳೆಯಲ್ಲಿ ಮುನ್ನೂರಕ್ಕೂ ಮೇಲೆ ಮಣಿಗಳು. ಪ್ರತಿ ಮಣಿಯ ಮುಂದೆ ಒಂದು ಕುಳಿ, ಹಿಂದೆ ಒಂದು ಗುಂಡು. ಒಂದರ ಗುಂಡು ಇನ್ನೊಂದರ ಕುಳಿಯಲ್ಲಿ ಕೂತು ತಿರುಗಬೇಕು. ಕುತ್ತಿಗೆಯ ಹತ್ತಿರ ಗಿಡ್ಡ ಪಕ್ಕೆಲುಬು, ನಡುವಿನಲ್ಲಿ ನೀಳ, ಬಾಲಕ್ಕೆ ಬಂದರೆ ಪಕ್ಕೆಲುಬೇ ಇಲ್ಲ.

ಆದರೆ ಇದು ಅವಳ ಮನೆಯ ಲೆಕ್ಕವೇ. ಒಂದು ಪ್ಯಾಂಟಿನಿಂದ ಎಲ್ಲ ಸೈಜು ತೆಗೆಯುವಾಗ ಸೊಂಟ ಬೆಳೆದಷ್ಟು ಮೊಣಕಾಲು ಬೆಳೆಯುವುದಿಲ್ಲ, ಉದ್ದ ಬೆಳೆದಷ್ಟು ಜೇಬು ಬೆಳೆಯುವುದಿಲ್ಲ. ಎಲ್ಲಿ ಎಷ್ಟು ಎಂಬುದಕ್ಕೆ ಗ್ರೇಡಿಂಗ್ ಅನ್ನುತ್ತಾರೆ. ಅವಳು ಹಾವಿಗೂ ಗ್ರೇಡಿಂಗ್ ಮಾಡಿದಳು. ಕುತ್ತಿಗೆಗೊಂದು, ನಡುವಿಗೊಂದು, ಬಾಲದ ಬುಡಕ್ಕೊಂದು ಎಂದು ಕೆಲವೇ ಮಣಿಗಳನ್ನು ಎಕ್ಸ್‌ರೇ ಚಿತ್ರ ನೋಡಿ ನೋಡಿ ರೂಪಿಸಿ, ನಡುವಿನವನ್ನು ಒಂದರಿಂದ ಒಂದಕ್ಕೆ ಕೂದಲೆಳೆಯಷ್ಟೇ ಬದಲಾಗುವಂತೆ ಬೆಳೆಸಿದಳು. ಯೂನಿಟ್ಟಿನ ಕೆಲಸ ಮುಗಿಸಿ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರೆ ಅಡುಗೆಮನೆಯ ವಾಸನೆಯೂ ಅವಳಿಗೆ ತಾಗುತ್ತಿರಲಿಲ್ಲ.

ಎದುರಿಗೆ ಜೀನ್ಸಿನ ರಾಶಿ ಹಾಕಿಕೊಂಡು ದಾರ ಕತ್ತರಿಸುತ್ತಾ ಕೂತಿರುತ್ತಿದ್ದ ತಾಯಿ ದುರುಗಕ್ಕ ಮೊದಲ ದಿನ ಸ್ಕ್ರೀನು ನೋಡಿ ಎದ್ದು ನಿಂತಿದ್ದಳು.

"ಎಲ್ಲಾ ಬಿಟ್ಟು ಮನಿಯಾಗ ನಾಗಪ್ಪನ್ನ ಕರಕೊಂಡು ಬಂದಿಯಲ್ಲೇ."

"ನಾಗಪ್ಪ ಅಲ್ಲವ್ವಾ, ಕೇರಿ ಹಾವು."

"ಯಾವುದಾದ್ರೇನು, ಹಾವು ಹಾವ," ಎಂದು ದುರುಗಕ್ಕ ಲ್ಯಾಪ್‌ಟಾಪಿನ ಅಂಚಿಗೆ ಒಂದು ಚಿಟಿಕೆ ಕುಂಕುಮ ಹಚ್ಚಿದಳು. ಅಷ್ಟು ಮಾಡಿದ ಮೇಲೆ ಅವಳ ಭಯ ಹೋಯಿತು. ಮರುದಿನದಿಂದ "ಎಷ್ಟು ಬೆಳೀತು ನಿನ್ನ ಹಾವು?" ಎಂದು ಕೇಳತೊಡಗಿದಳು.

ಮಡಕಶಿರದಲ್ಲಿ ಗಂಗರಾಜು ತಲೆಯ ಹಿಂದೆ ಬಿದ್ದಿದ್ದ. ಅವನು ಅಲ್ಲೇ ಪಕ್ಕದ ಗುಡಿಬಂಡೆ ಕಡೆಯವನು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ವರ್ಷಗಟ್ಟಲೆ ಕಟಿಂಗ್ ಸೆಕ್ಷನ್ನಿನಲ್ಲಿ ನಿಂತು, ಬಟ್ಟೆ ಕತ್ತರಿಸಿದ್ದು ಸಾಕು, ಏನಾದರೂ ಕಟ್ಟಬೇಕು ಎಂದು ಸೆಕೆಂಡ್ ಹ್ಯಾಂಡ್ ಪ್ರಿಂಟರಿನ ಜೊತೆ ವಾಪಸ್ಸು ಬಂದಿದ್ದ. ಬಸ್ ಸ್ಟ್ಯಾಂಡಿನ ಹತ್ತಿರದ ಅವನ ಅಂಗಡಿಯಲ್ಲಿ ಕೀಚೈನು, ಬಟನ್ನು, ಅಂಗೈಯಗಲದ ದೇವರ ಮೂರ್ತಿ ಇಷ್ಟೇ ಆಗುತ್ತಿದ್ದವು. ಇಷ್ಟು ದೊಡ್ಡದನ್ನು ಅವನೂ ಎಂದೂ ಮಾಡಿರಲಿಲ್ಲ.

ದಿನಾ ಸಂಜೆ ವಾಟ್ಸಾಪಿನಲ್ಲಿ ಅವನ ದನಿ ಬರುತ್ತಿತ್ತು.

"ರೀ ದ್ರಾಕ್ಷಾಯಣಿಯೋರೆ, ಒಂದು ವಿಷ್ಯ ಗೊತ್ತಾ? ಹಾವಿಗೆ ಕೆಳದವಡೆ ಎರಡು ತುಂಡು. ಮುಂದೆ ಸೇರೋದೇ ಇಲ್ಲ. ಅದಕ್ಕೇ ಅಷ್ಟಗಲ ಬಾಯಿ ತೆಗಿಯೋದು."

"ನಿಮ್ಮಂಗ ಅನ್ರಿ."

"ನಾನಾ? ನಾನು ಮಾತಾಡೋದೇ ಕಮ್ಮಿ ಕಣ್ರೀ. ಯಾರನ್ನ ಬೇಕಾದ್ರೂ ಕೇಳಿ."

"ನಂಜೊತಿ ಮಾತಾಡುವಾಗ ಹಂಗ ಅನಿಸೋದಿಲ್ಲಲ್ರಿ."

ಆಮೇಲೆ ಪ್ರಿಂಟರಿನ ಗುಂಯ್ ಶಬ್ದದ ಮಧ್ಯೆ ಮೆಲ್ಲಗೆ, "ನಿಮ್ ಜೊತೆ ಮಾತ್ರ ಅಂಗೆ," ಎಂದ. ದ್ರಾಕ್ಷಾಯಣಿ ಆ ವಾಯ್ಸ್ ಮೆಸೇಜನ್ನು ಇನ್ನೊಮ್ಮೆ ಕೇಳಿದಳು. ಮತ್ತೂ ಒಮ್ಮೆ ಕೇಳಿದಳು.

ಮೊದಲ ಮಣಿಗಳು ತಯಾರಾದಾಗ ಅವನು ಕೊರಿಯರ್ ಮಾಡಬಹುದಿತ್ತು. ಮಾಡಲಿಲ್ಲ. ಮತ್ತೆ ಅದೇ ಬಸ್ಸುಗಳನ್ನು ಹಿಡಿದು ಬಂದ. ಯೂನಿಟ್ಟಿನ ಹೊರಗಿನ ಚಹಾದಂಗಡಿಯಲ್ಲಿ ನಿಂತು, ಕರ್ಚೀಫು ಬಿಚ್ಚಿ, ಅವಳ ಅಂಗೈಯಲ್ಲಿ ಮಣಿಗಳನ್ನು ಸುರಿದ. ದ್ರಾಕ್ಷಾಯಣಿ ಒಂದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿ, ಬಟ್ಟೆಯ ದಪ್ಪ ನೋಡುವ ಹಾಗೆ ತಿರುಗಿಸಿದಳು. ಅವಳು ಕಣ್ಣು ಮುಚ್ಚಿದ್ದರಿಂದ ಅವನಿಗೆ ಧೈರ್ಯ ಬಂತು. ಅವಳ ರೆಪ್ಪೆ, ಮೂಗಿನ ತುದಿಯ ಬೆವರು, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಚಾಕ್‌ಪೀಸು, ಎಲ್ಲವನ್ನೂ ಬಿಡುವಾಗಿ ನೋಡಿದ.

"ನೋಡಿ ಮುಗೀತೇನ್ರಿ?" ಕಣ್ಣು ಮುಚ್ಚಿಕೊಂಡೇ ಕೇಳಿದಳು ಅವಳು.

"ಏನು?"

"ಮಣಿ."

"ನಾನೆಲ್ಲಿ ಮಣಿ ನೋಡ್ತಿದ್ದೆ?" ಎಂದುಬಿಟ್ಟ ಗಂಗರಾಜು. ಎಂದ ಮೇಲೆ ಚಹಾ ಗಂಟಲಿಗೆ ಸಿಕ್ಕಿ ಕೆಮ್ಮಿದ.

ಆ ದಿನವೇ ಅವನು ಹೇಳಿದ್ದು, ಪ್ಲಾಸ್ಟಿಕ್ಕು ಬಿಸಿಬಿಸಿಯಾಗಿ ಬರುತ್ತದೆ, ಆರಿದಾಗ ಒಂಚೂರು ಕುಗ್ಗುತ್ತದೆ ಎಂದು. ಮಾತಿನ ಮಧ್ಯೆ ಬಂದ ಮಾತು. ಆದರೆ ಜೀನ್ಸಿನವರ ಕಿವಿಗೆ ಕುಗ್ಗುವುದು ಎಂದರೆ ಸಾಕು. ಜೀನ್ಸ್ ಬಟ್ಟೆ ವಾಷಿಂಗಿಗೆ ಹೋದರೆ ಕುಗ್ಗುತ್ತದೆ. ಅದಕ್ಕೆಂದೇ ಪ್ಯಾಟ್ರನ್ನಿನಲ್ಲಿ ನೂರಕ್ಕೆ ಮೂರು ಹೆಚ್ಚಿಡುವುದು ಅವಳ ರೂಮಿನ ಪದ್ಧತಿ. ಇಡೀ ಬೆನ್ನಿನ ಫೈಲನ್ನು ಕಳಿಸುವ ಮೊದಲು ಅವಳು ಅದಕ್ಕೂ ನೂರಕ್ಕೆ ಮೂರು ಸೇರಿಸಿದಳು. ಅವನಿಗೆ ಹೇಳಲಿಲ್ಲ. ಹೇಳಿದರೆ ನನ್ನ ಪ್ರಿಂಟರಿನ ವಿಷಯ ನನಗೇ ಹೇಳಿಕೊಡುತ್ತಾಳೆ ಎಂದು ನೊಂದುಕೊಂಡಾನು ಎಂಬ ಅನುಮಾನ. ಈಗ ಅವನು ನೊಂದುಕೊಳ್ಳುವುದು ಅವಳಿಗೆ ಬೇಡವಾಗಿತ್ತು.

"ಆ ಹುಡುಗ ಏನಂತಾನ?" ಒಂದು ಸಂಜೆ ದುರುಗಕ್ಕ ಕತ್ತರಿ ಆಡಿಸುತ್ತಾ ಕೇಳಿದಳು.

"ತಲಿ ಮಾಡಾಕತ್ಯಾನ."

"ನಾ ಕೇಳಿದ್ದು ಅದಲ್ಲ."

"ಮತ್ತೇನೂ ಅಂದಿಲ್ಲವ್ವಾ."

"ನೀನು?"

"ನಾನ್ಯಾಕ ಮದಲ ಅನ್ನಲಿ?" ಎಂದಳು ಮಗಳು. ಬೆನ್ನು ನೆಟ್ಟಗೆ ಮಾಡಿ ಕೂತಳು. ದುರುಗಕ್ಕ ದಾರವನ್ನು ಕಚಕ್ಕನೆ ಕತ್ತರಿಸಿದಳು.

*

ವಿಜ್ಞಾನ ದಿನದ ಹಿಂದಿನ ಮಧ್ಯಾಹ್ನ ಇಬ್ಬರೂ ಕಣೇಕಲ್ಲಿನ ಶಾಲೆಯಲ್ಲಿ ಸೇರಿದರು. ಗಂಗರಾಜು ಮಡಕಶಿರದಿಂದ ಎಲುಬುಗಳ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದ. ಕಂಡಕ್ಟರ್ ಪೆಟ್ಟಿಗೆ ತೋರಿಸಿ "ಏಮಿಟಂಡಿ ಇದಿ?" ಎಂದು ಕೇಳಿದಾಗ "ಪಾಮು", ಅಂದರೆ ಹಾವು, ಎಂದು ತೆಲುಗಿನಲ್ಲಿ ಹೇಳಿದ್ದಕ್ಕೆ ಪಕ್ಕದ ಸೀಟು ಕಣೇಕಲ್ಲಿನವರೆಗೂ ಖಾಲಿ ಇತ್ತಂತೆ. ದ್ರಾಕ್ಷಾಯಣಿ ರಾಯದುರ್ಗದ ಬಡಗಿಯ ಕೈಯಲ್ಲಿ ಮಾಡಿಸಿದ ಸಾಗುವಾನಿ ಹಲಗೆಯನ್ನು ಆಟೋದಲ್ಲಿ ತಂದಿದ್ದಳು. ಹಾವು ಹರಿಯುವ ಹಾಗೆ ಡೊಂಕುಡೊಂಕಾಗಿ ಹಿತ್ತಾಳೆಯ ಮೊಳೆಗಳನ್ನು ಅದರ ಮೇಲೆ ನಿಲ್ಲಿಸಲಾಗಿತ್ತು. ಕೇರೆ ಹಾವಿನ ನಿಜವಾದ ಅಳತೆಗೆ ಸರಿಯಾಗಿ ಅವಳೇ ಗೆರೆ ಹಾಕಿಕೊಟ್ಟಿದ್ದ ಹಲಗೆ ಅದು.

ಮಣಿಗಳ ನಡುವಿನ ತೂತಿನಲ್ಲಿ ತಂತಿ ಪೋಣಿಸುತ್ತಾ ಬಂದರು. ಒಂದು ತುದಿಯಿಂದ ಅವಳು, ಇನ್ನೊಂದು ತುದಿಯಿಂದ ಅವನು. ಪಕ್ಕೆಲುಬುಗಳು ಸಾಲಾಗಿ ಎದ್ದು ನಿಂತವು. ಕುತ್ತಿಗೆ ಸಣ್ಣದು, ನಡು ತುಂಬಿದ್ದು, ಬಾಲ ಸೂಜಿಯ ಹಾಗೆ. ನಡುವಿನಲ್ಲಿ ಅವರ ಕೈಗಳು ಸಂಧಿಸಿದಾಗ ಗಂಗರಾಜು ಉಸಿರು ಬಿಟ್ಟು, "ಈಗ ಹಾವಾಯ್ತು ಕಣ್ರೀ. ನಂದು ಬೆಲ್ಟೇ ಆಗಿತ್ತು," ಎಂದ. ದ್ರಾಕ್ಷಾಯಣಿಗೆ ಕಣ್ಣು ತುಂಬಿ ಬಂತು. ಅವಳ ಕೆಲಸ ನೋಡಿ ಯಾರೂ ಇಷ್ಟು ಬಾಯಿ ತುಂಬಾ ಹೇಳಿರಲಿಲ್ಲ.

ಅವನು ಮಾಡಿದ ತಲೆ ಕುತ್ತಿಗೆಯ ಮೇಲೆ ಟಕ್ಕನೆ ಕೂತಿತು. ಎರಡು ತುಂಡಿನ ದವಡೆ, ಒಳಕ್ಕೆ ಬಾಗಿದ ಹಲ್ಲಿನ ಸಾಲು. ಇಬ್ಬರೂ ಸೇರಿ ಎತ್ತಿ ಹಲಗೆಯ ಮೇಲಿಟ್ಟರು.

ಹಾವು ಹಲಗೆಯಲ್ಲಿ ಹಿಡಿಸಲಿಲ್ಲ.

ತಲೆಯನ್ನು ಮೊದಲ ಮೊಳೆಗೆ ಕೂರಿಸಿದರೆ ಬಾಲ ಅರ್ಧ ಗೇಣು ಹೊರಗೆ ಜೋತು ಬಿತ್ತು. ಮೊಳೆಗಳು ಪಕ್ಕೆಲುಬಿನ ಸಂದಿಗೆ ಬರುವ ಬದಲು ಎಲುಬಿಗೇ ಬಡಿಯುತ್ತಿದ್ದವು. ದ್ರಾಕ್ಷಾಯಣಿ ಬ್ಯಾಗಿನಿಂದ ಟೇಪು ತೆಗೆದು ಹಾವನ್ನು ಅಳೆದಳು. ಇನ್ನೊಮ್ಮೆ ಅಳೆದಳು. ಅವಳ ಮುಖ ಬಿಗಿಯಿತು.

"ನನ್ನ ಫೈಲಿಗೆ ಕೈ ಹಾಕಿದ್ರೇನು?"

ಗಂಗರಾಜು ತಲೆ ತಗ್ಗಿಸಿದ.

"ನೂರಕ್ಕೆ ಮೂರು ಜಾಸ್ತಿ ಮಾಡ್ದೆ. ಆರಿದ್ರೆ ಕುಗ್ಗುತ್ತಲ್ಲ ಅಂತ. ಬೆಂಗಳೂರಲ್ಲಿ ನಮ್ ಸೆಕ್ಷನ್ನಲ್ಲಿ ಕತ್ತರಿಸೋ ಮುಂಚೆ ಕಟಿಂಗ್‌ನೋರೇ ಸೇರಿಸ್ತಿದ್ದಿದ್ದು. ಅದೇ ಅಭ್ಯಾಸ."

"ನನ್ನ ಯಾಕ ಕೇಳಲಿಲ್ಲ?"

"ಕೇಳಿದ್ರೆ ನಿಮ್ ಕೆಲಸದಲ್ಲಿ ತಪ್ಪು ತೋರಿಸಿದಂಗಾಗುತ್ತೆ ಅಂತ..."

"ನನ್ನ ಪ್ಯಾಟ್ರನ್ ಪಾಸ್ ಆದ್ಮ್ಯಾಲ ನಮ್ಮ ಓನರೂ ಮುಟ್ಟೋದಿಲ್ರಿ!" ಅವಳು ಟೇಪನ್ನು ಸರಸರನೆ ಸುತ್ತಿದಳು. "ಹೆಸರು ನಂದು ಹಾಕ್ತೀನಂದ್ರಿ. ಕೆಲಸ ಮಾತ್ರ ನಂದಾಗಿ ಉಳಿಯೂದು ಬ್ಯಾಡೇನು? ನನ್ನ ಮ್ಯಾಲ ಅಷ್ಟು ನಂಬಿಕಿ ಇದ್ದಿಲ್ಲೇನು?"

ಅವಳು ಟೇಪನ್ನು ಮೇಜಿನ ಮೇಲೆ ಎಸೆದು ವರಾಂಡಕ್ಕೆ ನಡೆದಳು.

ಶಾಲೆ ಬಿಟ್ಟಾಗಿತ್ತು. ದೂರದಲ್ಲಿ ಕೆರೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಕಂಬಕ್ಕೆ ಒರಗಿ ನಿಂತು ಅವಳು ಹಲ್ಲು ಕಚ್ಚಿದಳು. ಎಲ್ಲರೂ ಅಷ್ಟೇ. ಹೆಣ್ಣು ಮಾಡಿದ ಅಳತೆ ಎಂದ ಮೇಲೆ ಒಂದು ಸಲ ತಿದ್ದಿಯೇ ತೀರಬೇಕು. ಇವನೂ ಅಷ್ಟೇನಾ? ಹಾಗೆಂದುಕೊಳ್ಳುತ್ತಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದಳು. ಅವನು ಸೇರಿಸಿದ್ದು ನೂರಕ್ಕೆ ಮೂರು. ಆದರೆ ಬಾಲ ಹೊರಗೆ ಬಿದ್ದಿರುವುದು ಅದರ ಎರಡರಷ್ಟು.

ಉಳಿದ ಮೂರು ಯಾರದ್ದು?

ದ್ರಾಕ್ಷಾಯಣಿ ಕಂಬ ಬಿಟ್ಟು ನೆಟ್ಟಗೆ ನಿಂತಳು. ಅವನು ನೊಂದುಕೊಳ್ಳಬಾರದು ಎಂದು ಇವಳು ಗುಟ್ಟಾಗಿ ಸೇರಿಸಿದ್ದಳು. ಇವಳು ನೊಂದುಕೊಳ್ಳಬಾರದು ಎಂದು ಅವನು ಗುಟ್ಟಾಗಿ ಸೇರಿಸಿದ್ದ. ಪ್ಲಾಸ್ಟಿಕ್ಕೇನು ಜೀನ್ಸ್ ಬಟ್ಟೆಯೇ? ಅದು ಕುಗ್ಗಿದ್ದು ಕಣ್ಣಿಗೆ ಕಾಣದಷ್ಟು. ಬಟನ್ನಿನಂಥ ಸಣ್ಣ ವಸ್ತುವಿನಲ್ಲಿ ಅವನ ಲೆಕ್ಕ ತಪ್ಪಿದ್ದು ಗೊತ್ತೇ ಆಗಿರಲಿಲ್ಲ. ಗಾರ್ಮೆಂಟ್ಸಿನ ಇಬ್ಬರು ಸೇರಿ ಹಾವಿಗೆ ಎರಡೆರಡು ಸಲ ವಾಷಿಂಗ್ ಲೆಕ್ಕ ಹಾಕಿದ್ದರು.

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಒಳಗೆ ಬಂದಳು. ಗಂಗರಾಜು ಹಾವಿನ ಬಾಲವನ್ನು ಕೈಯಲ್ಲಿ ಹಿಡಿದು, ಮುಖ ಸಪ್ಪೆ ಮಾಡಿಕೊಂಡು ಕೂತಿದ್ದ.

"ನಾನೂ ಹಾಕಿದ್ದೆರಿ," ಎಂದಳು.

"ಏನು?"

"ನೂರಕ್ಕ ಮೂರು. ನಿಮಗ ಹೇಳಲಾರದ."

ಅವನಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಆಮೇಲೆ ಅವನೂ ನಕ್ಕ. ಅಷ್ಟರಲ್ಲಿ ಸೂರಪ್ಪ ಮೇಷ್ಟ್ರು ಚಹಾದ ಫ್ಲಾಸ್ಕು ಹಿಡಿದು ಒಳಗೆ ಬಂದರು. ಹೊರಗೆ ಜೋತ ಬಾಲ ನೋಡಿ, ಕನ್ನಡಕ ಸರಿಪಡಿಸಿಕೊಂಡರು.

"ಅದಕ್ಯಾಕ ಚಿಂತಿ ಮಾಡ್ತೀರಿ? ಬಾಲದಾಗ ಒಂದಷ್ಟು ಮಣಿ ತಗದುಬಿಡ್ರಿ. ಯಾರು ಎಣಿಸ್ತಾರ?"

"ಬ್ಯಾಡ್ರಿ!" ಎಂದಳು ದ್ರಾಕ್ಷಾಯಣಿ.

"ಬ್ಯಾಡಿ ಸಾರ್!" ಎಂದ ಗಂಗರಾಜು.

ಎರಡೂ ದನಿ ಒಟ್ಟಿಗೇ ಬಿದ್ದವು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆ ನೋಟದಲ್ಲಿ ನಾಚಿಕೆ ಕಡಿಮೆ, ಹೆಮ್ಮೆ ಜಾಸ್ತಿ. ಇವನು ನನ್ನ ಕೆಲಸ ಕೆಡಿಸುವವನಲ್ಲ ಎಂಬುದು ದ್ರಾಕ್ಷಾಯಣಿಗೆ ಆ ಗಳಿಗೆಯಲ್ಲಿ ಖಚಿತವಾಯಿತು.

"ಸರಿ ಬಿಡ್ರಪ್ಪಾ, ನಾ ಅಂದಿದ್ದ ತಪ್ಪು," ಎಂದು ಮೇಷ್ಟ್ರು ನಗುತ್ತಾ ಚಹಾ ಬಗ್ಗಿಸಿದರು.

"ಸರ್," ದ್ರಾಕ್ಷಾಯಣಿ ಹಾವಿನ ಕುತ್ತಿಗೆಯ ಮೇಲೆ ಕೈಯಿಟ್ಟು ಕೇಳಿದಳು, "ಹುಡುಗರು ಇದನ್ನ ನಾಗರ ಅಂತ ಯಾಕ ಹೊಡೀತಾರ? ಹೆಡಿ ಇಲ್ಲಲ್ಲ ಇದಕ್ಕ?"

"ಹೆಡಿ ಇಲ್ಲಮ್ಮ. ಆದ್ರ ಮೂಲಿಗೆ ಹಾಕಿ ಅಡ್ಡ ನಿಂತ್ರ ಕೇರಿ ಹಾವೂ ಕುತ್ತಿಗಿ ಎತ್ತಿ ನಿಲ್ತದ. ಹೆದರಿದ ಪ್ರಾಣಿ, ಆದ್ರೂ ತಲಿ ಎತ್ತೇ ನಿಲ್ತದ. ಅದನ್ನ ನೋಡಿ ಇವರು ನಾಗಪ್ಪ ಅಂತಾರ."

ದ್ರಾಕ್ಷಾಯಣಿ ಗಂಗರಾಜುವಿನ ಕಡೆ ತಿರುಗಿದಳು. ಹೇಳುವ ಅಗತ್ಯವೇ ಬೀಳಲಿಲ್ಲ. ಅವನು ಆಗಲೇ ಡ್ರಿಲ್ಲಿಂಗ್ ಮೆಷಿನ್ನಿಗಾಗಿ ಬ್ಯಾಗಿಗೆ ಕೈ ಹಾಕಿದ್ದ.

ಬಾಲವನ್ನು ಹಲಗೆಯ ಒಳಗೆ ಎಳೆದುಕೊಂಡರು. ಹೆಚ್ಚಾಗಿ ಉಳಿದ ಉದ್ದವನ್ನೆಲ್ಲ ಮುಂದಕ್ಕೆ ತಳ್ಳಿ, ದಪ್ಪ ತಂತಿ ಕೊಟ್ಟು, ಕುತ್ತಿಗೆಯನ್ನು ಮೇಲಕ್ಕೆತ್ತಿದರು. ಅವನು ಹೊಸ ತೂತು ಕೊರೆದು ಮೊಳೆ ಸರಿಸುತ್ತಾ ಹೋದ. ಅವಳು ಒಂದೊಂದು ಪಕ್ಕೆಲುಬಿನ ಸಂದಿಗೂ ಮೊಳೆ ಕೂರುತ್ತಿದೆಯೇ ಎಂದು ಬೆರಳು ಹಾಕಿ ನೋಡುತ್ತಾ ಬಂದಳು. ಒಮ್ಮೆ ಅವನ ಕೈ ಅವಳ ಕೈಯ ಮೇಲೆ ಬಿತ್ತು. ಇಬ್ಬರೂ ಗಮನಿಸದವರ ಹಾಗೆ ಇದ್ದರು. ಕೈ ಮಾತ್ರ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಕೆಲಸ ಮುಗಿದಾಗ ಕಿಟಕಿಯಿಂದ ಇಳಿಬಿಸಿಲು ಒಳಗೆ ಬಂದಿತ್ತು. ಬೆಳ್ಳನೆಯ ಕೇರೆ ಹಾವು ಹಲಗೆಯ ಮೇಲೆ ಹರಿದು ಬಂದು, ಅರ್ಧ ಗೇಣು ತಲೆ ಎತ್ತಿ, ಬಾಗಿಲ ಕಡೆ ನೋಡುತ್ತಿತ್ತು. ಮಲಗಿದ್ದ ಹಾವಿಗಿಂತ ಇದು ಎಷ್ಟೋ ಚೆಂದವಿತ್ತು. ಮೇಷ್ಟ್ರು ಏನೋ ಹೇಳಲು ಹೋಗಿ, ಕನ್ನಡಕ ತೆಗೆದು ಒರೆಸಿ, "ಲೈಟ್ ಹಾಕಿ ಬರ್ತೀನಿ," ಎಂದು ಹೊರಗೆ ನಡೆದರು. ಲೈಟಿನ ಸ್ವಿಚ್ಚು ಒಳಗೇ ಇತ್ತು.

ಗಂಗರಾಜು ಅಂಗಿಯ ಜೇಬಿನಿಂದ ಒಂದು ಪುಟ್ಟ ಪೊಟ್ಟಣ ತೆಗೆದ. ಪ್ರಿಂಟರಿನಲ್ಲಿ ತೆಗೆದ ನೇಮ್ ಪ್ಲೇಟು. ಮೇಲೆ ಕನ್ನಡದಲ್ಲಿ, ಕೆಳಗೆ ತೆಲುಗಿನಲ್ಲಿ, ಉಬ್ಬಿದ ಅಕ್ಷರಗಳು: ದ್ರಾಕ್ಷಾಯಣಿ, ರಾಯದುರ್ಗ.

ಅವಳು ಅಕ್ಷರಗಳ ಮೇಲೆ ಬೆರಳಾಡಿಸಿದಳು. ಒಂದೊಂದು ಅಕ್ಷರವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಪ್ಲೇಟನ್ನು ತಿರುಗಿಸಿ ಹಿಂದುಗಡೆಯೂ ನೋಡಿದಳು.

"ನಿಮ್ಮ ಹೆಸರು?"

"ನಂದ್ಯಾಕೆ? ನೀವು ಕೇಳಿದ್ದು ನಿಮ್ ಹೆಸರು."

"ತಲಿ ಯಾರದು? ಇಷ್ಟೂ ಎಲುಬು ಪ್ರಿಂಟ್ ಮಾಡಿದವ್ರು ಯಾರು? ನನಗ ದಾನ ಮಾಡ್ತೀರೇನು? ನನ್ನ ಹೆಸರು ನನ್ನ ಕೆಲಸಕ್ಕ ಸಾಕು. ನಿಮ್ಮ ಕೆಲಸಕ್ಕ ನಿಮ್ಮದ ಬೇಕು."

ಗಂಗರಾಜು ಕಿಟಕಿಯ ಕಡೆ ನೋಡಿದ. ಕಿವಿ ಮೊದಲ ದಿನದ ಹಾಗೆ ಕೆಂಪಾಗಿತ್ತು.

"ಎರಡು ಹೆಸರಿಂದೂ ಒಂದು ಪ್ಲೇಟ್ ತೆಗ್ದಿದ್ದೆ ಕಣ್ರೀ. ನಿಮ್ದು, ಪಕ್ಕದಲ್ಲೇ ನಂದು. ಅಂಗಡೀಲಿ ಇಟ್ಟು ನೋಡ್ದೆ. ಅದು 'ಹಾವು ಮಾಡಿದವರು' ಅನ್ನೋ ತರ ಕಾಣ್ಲಿಲ್ಲ. ಲಗ್ನಪತ್ರಿಕೆ ತರ ಕಾಣ್ತು. ನಿಮ್ಮನ್ನ ಕೇಳದೆ ಒಂದು ಸಲ ನಿಮ್ ಫೈಲ್ ಮುಟ್ಟಿ ಆಗೈತೆ. ಇದನ್ನೂ ಕೇಳದೆ ಮಾಡೋದು ಬ್ಯಾಡ ಅಂತ ಅಲ್ಲೇ ಬುಟ್ಟು ಬಂದೆ."

ಅವಳು ಪ್ಲೇಟನ್ನು ಹಲಗೆಯ ಅಂಚಿನಲ್ಲಿ ಕೂರಿಸಿದಳು.

"ಹಂಗಾದ್ರ ಈಗ ಕೇಳ್ರಿ," ಎಂದಳು ದ್ರಾಕ್ಷಾಯಣಿ.

ಅವನು ತಿರುಗಿದ. ಅವಳು ತಲೆ ತಗ್ಗಿಸಿರಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಎಡಗೆನ್ನೆಯ ಗುಳಿ ಮಾತ್ರ ಮೂಡಲೋ ಬೇಡವೋ ಎಂದು ಕಾಯುತ್ತಿತ್ತು.

"ನಿಮ್ ಹೆಸರಿನ ಪಕ್ಕ ನನ್ ಹೆಸರು ಇರ್ಬೋದಾ? ಇಲ್ಲೂ... ಎಲ್ಲಾ ಕಡೆಗೂ?"

"ಮದ್ವಿ ಆದ್ಮ್ಯಾಲೂ ನನ್ನ ಪ್ಯಾಟ್ರನ್ ನಂದ."

"ನಿಮ್ದೇ. ಕೇಳದೆ ಒಂದು ಕೂದಲೆಳೆ ಜಾಸ್ತಿ ಮಾಡಲ್ಲ."

"ನಾನೂ ಹೇಳಲಾರದ ಏನೂ ಕೂಡ್ಸೋದಿಲ್ಲ," ಎಂದಳು ಅವಳು. "ನಿಮ್ಮನ್ನ ಕಂಡ್ರ ನನಗ ಭಾಳ ಇಷ್ಟರಿ. ಬೆಲ್ಟ್ ತಂದ ದಿನದಿಂದಾನ."

ಗುಳಿ ಮೂಡಿಯೇ ಬಿಟ್ಟಿತು. ಅವಳು ಬ್ಯಾಗಿನಿಂದ ಒಂದು ಲೆದರಿನ ಪ್ಯಾಚು ತೆಗೆದಳು. ಪ್ಯಾಂಟಿನ ಹಿಂದೆ ಹೊಲಿಯುವಂಥದ್ದು, ಇನ್ನೂ ಯಾರ ಹೆಸರೂ ಒತ್ತದ ಖಾಲಿ ಪ್ಯಾಚು. ಅದರ ಮೇಲೆ ಮಾರ್ಕರಿನಿಂದ ದುಂಡಗೆ ಬರೆದಳು: ಗಂಗರಾಜು, ಮಡಕಶಿರ. ತನ್ನ ಪ್ಲೇಟಿನ ಪಕ್ಕದಲ್ಲಿ, ಎಳ್ಳಷ್ಟೂ ಮೇಲೆ ಕೆಳಗೆ ಆಗದ ಹಾಗೆ, ಟೇಪು ಹಿಡಿದು ಅಳೆದು ಅಂಟಿಸಿದಳು.

ಮರುದಿನ ಶಾಲೆ ತುಂಬಿತ್ತು. ಮಕ್ಕಳು ಹಲಗೆಯ ಸುತ್ತ ಮುಕುರಿಕೊಂಡು, ಉಸಿರು ಬಿಗಿಹಿಡಿದು, ಪಕ್ಕೆಲುಬಿನ ಸಾಲನ್ನು ನೋಡುತ್ತಿದ್ದರು. ಯಾರೂ ಕೋಲು ತಂದಿರಲಿಲ್ಲ. ದುರುಗಕ್ಕ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಜನರನ್ನು ಸರಿಸಿ ಮುಂದೆ ಹೋಗಿ ಹಾವಿಗೆ ಕೈಮುಗಿದಳು. ಆಮೇಲೆ ಹಲಗೆಯ ಅಂಚಿಗೆ ಬಗ್ಗಿ, ಅಕ್ಷರ ಕೂಡಿಸಿ ಕೂಡಿಸಿ ಎಲ್ಲರಿಗೂ ಕೇಳುವ ಹಾಗೆ ಓದಿದಳು.

"ದ್ರಾಕ್ಷಾಯಣಿ, ರಾಯದುರ್ಗ. ಗಂಗರಾಜು, ಮಡಕಶಿರ."

ಓದಿ ನೆಟ್ಟಗೆ ನಿಂತಳು. ಮಗಳನ್ನು ನೋಡಿದಳು. ಮಗಳ ಪಕ್ಕದಲ್ಲಿ ಬೆವರುತ್ತಾ ನಿಂತಿದ್ದವನನ್ನು ನೋಡಿದಳು.

"ಎಲ್ಲಾ ಸರಿ ಹಾಕೀರಿ," ಎಂದಳು ದುರುಗಕ್ಕ. "ಮುಹೂರ್ತದ ತಾರೀಖು ಎಲ್ಲಿ?"